ಮದ್ದು ಮೂಡಿಸಿದ ಗುರುತು

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಿಂದ ತಲಕಾಡಿಗೆ ಹೋಗುವ ಯಾತ್ರಿಕರಿಗೆ ಊರು ಇನ್ನೂ ದೂರವಿರುವಾಗಲೇ ಮುಡುಕುತೊರೆಯ ಬೆಟ್ಟ ಕಾಣಿಸುತ್ತದೆ. ಕಾವೇರಿ ಬಾಗಿ ಹರಿಯುವ ಎಡೆಯಲ್ಲಿ ನಿಂತ ಈ ಚಿಕ್ಕ ಬೆಟ್ಟದ ನೆತ್ತಿಯ ಮೇಲೆ ಮಲ್ಲಿಕಾರ್ಜುನಸ್ವಾಮಿಯ ಗುಡಿಯಿದೆ. ಮಾಘ ಮಾಸದ ಜಾತ್ರೆಯ ಹೊತ್ತಿಗೆ ಬೆಟ್ಟದ ಬುಡದಲ್ಲಿ ಸುತ್ತಲಿನ ಸೀಮೆಯ ಎತ್ತುಗಳೆಲ್ಲ ಬಂದು ನೆರೆಯುತ್ತವೆ. ತಲಕಾಡಿನ ಪಂಚಲಿಂಗಗಳಲ್ಲಿ ಒಂದು ಈ ಮಲ್ಲಿಕಾರ್ಜುನ. ಉಳಿದ ನಾಲ್ಕು ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ ಮತ್ತು ಅರ್ಕೇಶ್ವರ.

ವೈದ್ಯೇಶ್ವರನೆಂಬ ಹೆಸರಿಗೆ ಒಂದು ಸ್ಥಳಪುರಾಣವುಂಟು. ತಲ ಮತ್ತು ಕಾಡ ಎಂಬ ಇಬ್ಬರು ಬೇಡರು ಕಾಡಿನಲ್ಲಿ ಆನೆಗಳು ಒಂದು ಮರವನ್ನು ಪೂಜಿಸುವುದನ್ನು ಕಂಡರಂತೆ. ಮರದಲ್ಲಿ ಏನಿದೆಯೋ ನೋಡೋಣವೆಂದು ಕೊಡಲಿಯ ಏಟು ಹಾಕಿದಾಗ ಕಾಂಡದಿಂದ ನೆತ್ತರು ಚಿಮ್ಮಿತು. ಬೇಡರು ನಡುಗಿದರು. ಆಗ, ಆ ಮರದ ಎಲೆಯನ್ನೂ ಕಾಯಿಯನ್ನೂ ಅರೆದು ಗಾಯಕ್ಕೆ ಕಟ್ಟುವಂತೆ ಒಂದು ವಾಣಿ ಕೇಳಿಸಿತು. ಕಟ್ಟಿದರು, ಗಾಯ ಮಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿ ವಾಸಿಮಾಡಿಕೊಂಡುದರಿಂದ ಶಿವನು ವೈದ್ಯೇಶ್ವರನಾದನೆಂದು ತಲಕಾಡಿನ ಜನ ಇಂದಿಗೂ ಹೇಳುತ್ತಾರೆ.

ಗಾಯವಾದ ಮೈಯಲ್ಲೇ ಮದ್ದೂ ಇದ್ದಿತೆಂಬ ಈ ಕಥೆ ಕೇಳಲು ಇಂಪಾಗಿದೆ. ಮನುಷ್ಯನ ಮೈಯಲ್ಲಿ ಇದಕ್ಕೆ ತಿರುವುಮುರುವಾದ ಒಂದು ಸಂಗತಿ ನಡೆಯುವುದುಂಟು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ಕೊಡಲಿಯೆತ್ತುತ್ತದೆ. ಅದನ್ನು ತಡೆಯಲೆಂದು ಕೊಡುವ ಮದ್ದು ಒಳಗಿನ ಗಾಯವನ್ನು ತಗ್ಗಿಸುತ್ತದೆಯಾದರೂ ಹೊರಗಿನ ಚರ್ಮದ ಮೇಲೆ ತನ್ನದೇ ಗುರುತುಗಳನ್ನು ಮೂಡಿಸುತ್ತದೆ. ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಆ ಗುರುತುಗಳಿಗೆ ಹೆದರಿ ಮದ್ದನ್ನೇ ತೊರೆಯುವವರುಂಟು. ಹೆದರಬೇಕಾದ ಗುರುತನ್ನು ಅಲಕ್ಷ್ಯ ಮಾಡುವವರೂ ಉಂಟು. ಎರಡಕ್ಕೂ ತೆರಬೇಕಾದ ಬೆಲೆ ದೊಡ್ಡದು.

ಕಾವಲುಗಾರನೇ ಕನ್ನಹಾಕಿದಾಗ

ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿರುತ್ತದೆ. ಈ ಹೊದಿಕೆ ಇರುವುದರಿಂದಲೇ ನೋಡು, ನಡೆ, ಹಿಡಿ ಎಂಬ ಆಜ್ಞೆಗಳು ಕ್ಷಣಾರ್ಧದಲ್ಲಿ ಸಾಗುತ್ತವೆ. ನಮ್ಮ ರಕ್ತದಲ್ಲಿ ಕಾವಲಿಗಾಗಿ ಇರುವ ಬಿಳಿಯ ಕಣಗಳು ಕೆಲವರಲ್ಲಿ ಈ ಹೊದಿಕೆಯನ್ನೇ ಹಗೆಯೆಂದು ಬಗೆದು ಅದರ ಮೇಲೆ ಬೀಳುತ್ತವೆ. ಹೊದಿಕೆ ಹರಿದಲ್ಲಿ ಆಜ್ಞೆ ತಡವರಿಸುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಗಾಯ ಮಾಯ್ದ ಜಾಗದಲ್ಲಿ ಗಟ್ಟಿಯಾದ ಕಲೆ ಉಳಿಯುತ್ತದೆ. 1868ರಲ್ಲಿ ಪ್ಯಾರಿಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಜ್ಯಾನ್ ಮಾರ್ತೆನ್ ಶಾರ್ಕೋ ಎಂಬ ವೈದ್ಯನು ಇಂತಹ ಗಟ್ಟಿ ಕಲೆಗಳನ್ನೂ ರೋಗಿಯ ಬಾಧೆಗಳನ್ನೂ ಒಂದಕ್ಕೊಂದು ಹೊಂದಿಸಿ ಈ ರೋಗವನ್ನು ವಿಶದವಾಗಿ ವಿವರಿಸಿದನು. ಸ್ಕ್ಲೆರೋಸಿಸ್ ಎಂದರೆ ಗಡಸುಗಟ್ಟುವುದು. ಹಲವು ಎಡೆಗಳಲ್ಲಿ ಗಡಸುಗಟ್ಟುವುದರಿಂದ ಈ ಹೆಸರು.

ಇದು ಮುಪ್ಪಿನ ರೋಗವಲ್ಲ. ಇಪ್ಪತ್ತರಿಂದ ನಲವತ್ತು ವರ್ಷದ ನಡುವೆ, ಸಂಸಾರ ಕಟ್ಟುವ, ಉದ್ಯೋಗ ಹಿಡಿಯುವ ಕಾಲದಲ್ಲೇ ಹೆಚ್ಚಾಗಿ ತಲೆದೋರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಅಧಿಕ. ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಇದು ಪರಿಚಿತ ರೋಗ. ನಮ್ಮ ದೇಶದಲ್ಲಿ ಬಹು ವಿರಳವೆಂಬ ನಂಬಿಕೆ ಬಹುಕಾಲ ಇದ್ದಿತು. ಆದರೆ ಮಂಗಳೂರಿನ ನರರೋಗತಜ್ಞೆ ಲೇಖಾ ಪಂಡಿತ್ ಮತ್ತು ಅವರ ಸಂಗಡಿಗರು ಆ ನಗರದಲ್ಲಿ ಎಣಿಕೆ ನಡೆಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಲಕ್ಷ ಜನರಲ್ಲಿ ಸುಮಾರು ಎಂಟು ಮಂದಿಗೆ ಈ ರೋಗವಿದ್ದಿತು. ಎಂಆರ್‌ಐ ಯಂತ್ರಗಳು ಊರೂರಿಗೆ ಬಂದ ಮೇಲೆ, ಹಿಂದೆ ಹೆಸರಿಲ್ಲದೆ ಹೋಗುತ್ತಿದ್ದ ರೋಗಕ್ಕೆ ಹೆಸರು ದೊರಕುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಎಣಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದು.

ಮುಡುಕುತೊರೆಯ ಆಸುಪಾಸಿನ ಒಂದು ಹಳ್ಳಿಯಲ್ಲಿ ಇಪ್ಪತ್ತೆಂಟು ವರ್ಷದ ಗೃಹಿಣಿಯೊಬ್ಬಳಿಗೆ ಈ ರೋಗ ಬಂದಿತೆಂದು ಕಲ್ಪಿಸಿಕೊಳ್ಳೋಣ. ಮೊದಲು ಒಂದು ಕಣ್ಣು ಮಸುಕಾಗುತ್ತದೆ. ಕಣ್ಣು ಹೊರಳಿಸಿದರೆ ನೋವು. ಕೆಲವು ವಾರಗಳಲ್ಲಿ ದೃಷ್ಟಿ ತಾನಾಗಿ ತಿಳಿಯಾಗುತ್ತದೆ. ನಂಜನಗೂಡಿನ ನಂಜುಂಡೇಶ್ವರನಿಗೆ ಹೊತ್ತ ಹರಕೆ ಫಲಿಸಿತೆಂದು ಅತ್ತೆ ಸಮಾಧಾನಪಡುತ್ತಾಳೆ. ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾದುದರಿಂದ ಅವನೇ ಆ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬ ಪ್ರತೀತಿ ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಕೆಲವು ತಿಂಗಳ ಮೇಲೆ ಸೊಸೆಯ ಕಾಲು ಜೋಮು ಹಿಡಿದಂತಾಗುತ್ತದೆ. ಚಪ್ಪಲಿ ಕಾಲಿನಿಂದ ಜಾರಿಹೋದುದು ಅವಳಿಗೆ ತಿಳಿಯುವುದಿಲ್ಲ. ಬೇಸಗೆಯ ಬಿಸಿಲಿನಲ್ಲಿ ನಡೆದರೆ, ಬಿಸಿನೀರಿನಲ್ಲಿ ಮಿಂದರೆ ಬಾಧೆ ಹೆಚ್ಚುತ್ತದೆ. ಮೈಯ ಬಿಸಿ ಏರಿದಾಗ ಹೊದಿಕೆ ಹರಿದ ನರಗಳು ಇನ್ನಷ್ಟು ಸೋಲುತ್ತವೆ; ಮೈದಣಿದಾಗ ಇಂತಹ ರೋಗಿಗಳ ದೃಷ್ಟಿ ಮಂಕಾಗುವುದನ್ನು ಜರ್ಮನಿಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲೇ ಬರೆದಿಟ್ಟಿದ್ದನು. ಮೈಸೂರಿಗೆ ಹೋಗಿ ಎಂಆರ್‌ಐ ಮಾಡಿಸಿದಾಗ ರೋಗ ಯಾವುದೆಂದು ಗೊತ್ತಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯಲ್ಲಿ ಮತ್ತೊಮ್ಮೆ ತೋರಿಸಿ, ಕಡೆಗೆ ಒಂದು ಡಬ್ಬಿ ತುಂಬ ಚುಚ್ಚುಮದ್ದಿನೊಡನೆ ಅವಳು ಮನೆಗೆ ಮರಳುತ್ತಾಳೆ.

ಮದ್ದಿನ ಹುಟ್ಟು

ಈ ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ರೋಗ ಮರುಕಳಿಸುವುದನ್ನು ಕಡಮೆ ಮಾಡುವ ಮದ್ದುಗಳು ಮಾತ್ರ 1993ರಿಂದೀಚೆಗೆ ಒಂದರ ಹಿಂದೆ ಒಂದು ಬಂದಿವೆ. ಮೊದಲು ಬಂದದ್ದು ಇಂಟರ್‌ಫೆರಾನ್ ಬೀಟಾ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬಿಬ್ಬರು, ವೈರಸ್ ತಗುಲಿದ ಜೀವಕೋಶಗಳು ಒಂದು ವಸ್ತುವನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆಂಬುದನ್ನು ಕಂಡುಹಿಡಿದು ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಅದರ ಒಂದು ಬಗೆಯು ನರಗಳ ಮೇಲಿನ ದಾಳಿಯನ್ನು ತಣ್ಣಗಾಗಿಸುತ್ತದೆಂದು ತಿಳಿಯಲು ದಶಕಗಳೇ ಹಿಡಿದವು. 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಇಂಟರ್‌ಫೆರಾನನ್ನು ದಿನ ಬಿಟ್ಟು ದಿನ ಚರ್ಮದ ಕೆಳಗೆ ಚುಚ್ಚಬೇಕಾಗಿತ್ತು. 1996ರಲ್ಲಿ ಬಂದ ಮತ್ತೊಂದನ್ನು ವಾರಕ್ಕೊಮ್ಮೆ ಮಾಂಸಖಂಡಕ್ಕೆ ಕೊಟ್ಟರೆ ಸಾಕಾಗಿತ್ತು.

ಎರಡನೆಯ ಮದ್ದಾದ ಗ್ಲಾಟಿರಾಮರ್ ಅಸಿಟೇಟಿನ ಕಥೆ ಇನ್ನೂ ಸ್ವಾರಸ್ಯವಾದುದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಮೈಕೆಲ್ ಸೇಲಾ, ರೂತ್ ಅರ್ನೋನ್ ಮತ್ತು ದ್ವೋರಾ ಟೈಟೆಲ್‌ಬಾಮ್ ಅವರು 1960ರ ದಶಕದಲ್ಲಿ ಒಂದು ಕೃತಕ ವಸ್ತುವನ್ನು ತಯಾರಿಸಿದರು. ನಾಲ್ಕು ಅಮೈನೋ ಆಮ್ಲಗಳನ್ನು ಹೆಣೆದು ಮಾಡಿದ ಇದು ಮಯಲಿನ್ನಿನ ಒಂದು ಪ್ರೋಟೀನನ್ನು ಹೋಲುತ್ತಿತ್ತು. ಪ್ರಯೋಗದ ಪ್ರಾಣಿಗಳಲ್ಲಿ ರೋಗವನ್ನು ಹುಟ್ಟಿಸಿ ಅಭ್ಯಾಸ ಮಾಡಬೇಕೆಂಬುದು ಅವರ ಉದ್ದೇಶ. ಆದರೆ ಆ ವಸ್ತು ರೋಗವನ್ನು ತರಲಿಲ್ಲ. ಬರಬೇಕಾಗಿದ್ದ ರೋಗವನ್ನೇ ತಡೆಯಿತು! ವಿಷವಾಗಲಿ ಎಂದು ಮಾಡಿದುದು ಅಮೃತವಾಯಿತು. ಮೂವತ್ತು ವರ್ಷಗಳ ತರುವಾಯ, 1996ರಲ್ಲಿ, ಅದಕ್ಕೆ ಅಮೆರಿಕದಲ್ಲಿ ಮದ್ದಿನ ಪದವಿ ದೊರೆಯಿತು. ಮೊದಲಿಗೆ ದಿನಕ್ಕೊಂದು ಚುಚ್ಚು, 20 ಮಿಲಿಗ್ರಾಂ; 2014ರಿಂದ 40 ಮಿಲಿಗ್ರಾಮಿನಂತೆ ವಾರಕ್ಕೆ ಮೂರು ಚುಚ್ಚು ಎಂಬ ಕ್ರಮವೂ ಬಂದಿತು. ಹೈದರಾಬಾದಿನ ನ್ಯಾಟ್ಕೋ ಸಂಸ್ಥೆಯೂ ಇದನ್ನು ತಯಾರಿಸುತ್ತದೆ.

ಈ ಎರಡು ಬಗೆಯ ಮದ್ದುಗಳೂ ರೋಗ ಮರುಕಳಿಸುವುದನ್ನು ಸುಮಾರು ಮೂರನೆಯ ಒಂದು ಪಾಲಿನಷ್ಟು ತಗ್ಗಿಸುತ್ತವೆ. ಬಾರದೆ ಹೋದ ದಾಳಿ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ತೊಡೆಯ ಮೇಲಿನ ಕೆಂಪು ಬಾವು ಮಾತ್ರ. ರೋಗಿಯ ಮನಸ್ಸು ಡೋಲಾಯಮಾನವಾಗುವುದು ಇಲ್ಲಿಯೇ.

ಚರ್ಮವೇಕೆ ಮುನಿಯುತ್ತದೆ?

ಇಂಜೆಕ್ಷನ್ನಿನಿಂದ ಚರ್ಮದ ಮೇಲೆ ಗುರುತುಳಿಯುವುದು ನಮಗೆ ಹೊಸದಲ್ಲ. ಎಳವೆಯಲ್ಲಿ ಹಾಕಿಸಿದ ಬಿಸಿಜಿಯ ಗುಳಿ ಬಹುಮಂದಿಯ ಎಡತೋಳಿನ ಮೇಲಿದೆ. ಸಿಡುಬಿಗೆ ದಾಕು ಹಾಕಿಸಿಕೊಂಡ ಹಿರಿಯರ ತೋಳಿನಲ್ಲಿ ಅದರ ಕಲೆಯೂ ಇರುತ್ತದೆ. ಆದರೆ ಅವು ಒಮ್ಮೆಯ ಮಾತು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ತೆಗೆದುಕೊಳ್ಳುವ ಮದ್ದು ವರ್ಷಗಟ್ಟಲೆ ನಡೆಯತಕ್ಕದ್ದು. ದಿನಕ್ಕೊಂದರಂತೆ ಚುಚ್ಚಿಕೊಂಡರೆ ವರ್ಷಕ್ಕೆ 365 ಬಾರಿ ಸೂಜಿ ಚರ್ಮವನ್ನು ತೂರುತ್ತದೆ.

ಸೂಜಿ ಮಾಡುವ ಗಾಯ ಅತ್ಯಲ್ಪ. ನಿಜವಾದ ಕಾರಣ ಬೇರೆಯೇ ಇದೆ. ಇಂಟರ್‌ಫೆರಾನ್ ಎಂಬುದು ಮೂಲತಃ ಜೀವಕೋಶಗಳಿಗೆ ಎಚ್ಚರಿಕೆಯ ಡಂಗುರ. ಇಡೀ ಮೈಗೆ ಹರಡಬೇಕಾದ ಮದ್ದು ಮೊದಲು ಒಂದು ರೂಪಾಯಿಯ ನಾಣ್ಯದಷ್ಟಗಲದ ಚರ್ಮದ ಅಡಿಯಲ್ಲಿ ಮಡುಗಟ್ಟುತ್ತದೆ. ಅಲ್ಲಿನ ಕೋಶಗಳು ಆ ಡಂಗುರವನ್ನು ಕೇಳಿ ಬಿಳಿಯ ರಕ್ತಕಣಗಳನ್ನು ಕರೆಯುತ್ತವೆ. ರಕ್ತ ನುಗ್ಗುತ್ತದೆ, ಚರ್ಮ ಕೆಂಪಾಗುತ್ತದೆ, ಊದುತ್ತದೆ, ಮುಟ್ಟಿದರೆ ನೋಯುತ್ತದೆ. ಮೊದಲ ಇಂಟರ್‌ಫೆರಾನಿನ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕ ರೋಗಿಗಳಿಗೆ ಚುಚ್ಚಿದ ಕಡೆ ಇಂತಹ ಬಾಧೆ ಉಂಟಾಗಿತ್ತು. ನೂರರಲ್ಲಿ ನಾಲ್ಕೈದು ಮಂದಿಗೆ ಆ ಜಾಗದ ಚರ್ಮವೇ ಸತ್ತು ಕಪ್ಪಾಗಿ ಹುಣ್ಣಾಗಿತ್ತು. ಮಾಂಸಖಂಡಕ್ಕೆ ಕೊಡುವ ಇಂಟರ್‌ಫೆರಾನಿನಲ್ಲಿ ಈ ತೊಂದರೆ ಬಹಳ ಕಡಮೆ; ಮದ್ದು ಚರ್ಮವನ್ನು ದಾಟಿ ಆಳಕ್ಕೆ ಇಳಿಯುವುದೇ ಇದಕ್ಕೆ ಕಾರಣ.

ಗ್ಲಾಟಿರಾಮರಿನ ರೀತಿ ಬೇರೆ. ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಉರಿ, ತುರಿಕೆ, ಸೊಳ್ಳೆ ಕಚ್ಚಿದಂತಹ ದಡ್ಡು, ಅಡಿಯಲ್ಲಿ ಗೋಲಿಯಂತಹ ಗಂಟು. ಇವು ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಇಳಿದುಹೋಗುತ್ತವೆ. ಇಳಿಯದೆ ಉಳಿಯುವುದು ಇನ್ನೊಂದಿದೆ. ಅದೇ ಜಾಗದಲ್ಲಿ ಮೇಲಿಂದ ಮೇಲೆ ಚುಚ್ಚಿದರೆ ಚರ್ಮದ ಕೆಳಗಿನ ಕೊಬ್ಬು ಕರಗಿ ಗುಳಿ ಬೀಳುತ್ತದೆ. ಹೀಗೆ ಬಿದ್ದ ಗುಳಿ ಸಾಮಾನ್ಯವಾಗಿ ಮತ್ತೆ ತುಂಬುವುದಿಲ್ಲ. ಇದು ಪ್ರಾಣಕ್ಕೆ ಅಪಾಯವಲ್ಲವಾದರೂ ಕನ್ನಡಿಯ ಮುಂದೆ ನಿಂತ ತರುಣಿಗೆ ಸಣ್ಣ ವಿಷಯವಲ್ಲ.

ಬಹಳ ಅಪರೂಪವಾಗಿ, ಚುಚ್ಚಿದೊಡನೆ ಅಸಹನೀಯವಾದ ನೋವು ಕಾಣಿಸಿಕೊಂಡು ಚರ್ಮ ಬಿಳಿಚಿ, ಆಮೇಲೆ ನೀಲಿಯ ಬಲೆ ಹೆಣೆದಂತಾಗಿ, ಕೊನೆಗೆ ಕಪ್ಪಾಗುವುದುಂಟು. ಆ ಎಡೆಯ ಕಿರುನಾಳಗಳಲ್ಲಿ ರಕ್ತದ ಓಟ ನಿಂತುಹೋಗುವುದೇ ಇದರ ಲಕ್ಷಣ. ಇದನ್ನು ವೈದ್ಯರು ನಿಕೊಲಾವ್ ಸಿಂಡ್ರೋಮ್ ಎನ್ನುತ್ತಾರೆ. 1920ರ ದಶಕದಲ್ಲಿ ಮೇಹರೋಗಕ್ಕೆ ಬಿಸ್ಮತ್ ಲವಣವನ್ನು ಚುಚ್ಚುತ್ತಿದ್ದಾಗ ಮೊದಲು ಕಂಡುಬಂದ ಈ ಆಪತ್ತು ಗ್ಲಾಟಿರಾಮರಿನಲ್ಲಿಯೂ ಕೆಲವರಿಗೆ ಒದಗಿದೆ.

ನಂಜು ಎಂಬ ಮಾತು

ಕಲ್ಪಿಸಿಕೊಂಡ ಗೃಹಿಣಿಯ ಮನೆಗೆ ಮತ್ತೆ ಹೋಗೋಣ. ಮದ್ದು ಆರಂಭವಾಗಿ ಒಂದು ತಿಂಗಳಾಗಿದೆ. ಹೊಟ್ಟೆಯ ಮೇಲೆ, ತೊಡೆಯ ಮೇಲೆ ಅಲ್ಲಲ್ಲಿ ಕೆಂಪು ಬೊಟ್ಟುಗಳು. ಸೀರೆ ಉಟ್ಟಾಗ ಸೊಂಟದ ಪಕ್ಕದ ಗುರುತು ಕಾಣುತ್ತದೆ. ರವಕೆಯ ತೋಳಿನ ಕೆಳಗಿನದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನೀರಿಗೆ ಬಂದ ನೆರೆಯಾಕೆ, “ಏನವ್ವಾ ಇದು, ಸರ್ಪಸುತ್ತೇ?” ಎಂದು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಇಂತಿಂತಹ ರೋಗವೆಂದರೆ ಅಂಟುವುದೋ ಏನೋ ಎಂಬ ಸಂದೇಹ. ಅಂಟುರೋಗವಲ್ಲವೆಂದು ಎಷ್ಟು ಹೇಳಿದರೂ ಮಾತು ಕೇರಿಯಿಂದ ಕೇರಿಗೆ ಹಬ್ಬುತ್ತದೆ. ಮದುವೆಗೆ ಬಂದ ನಾದಿನಿಯಿದ್ದರೆ ಮನೆಯವರ ಬಾಯಿಗೆ ಬೀಗ ಬೀಳುತ್ತದೆ.

ಅತ್ತೆ ಕೆಟ್ಟವಳಲ್ಲ. “ನಂಜಾಗಿದೆ ಕಣಮ್ಮಾ, ಬದನೇಕಾಯಿ ಮುಟ್ಟಬೇಡ” ಎನ್ನುತ್ತಾಳೆ. ಗಾಯ ಕೆಂಪಾಗಿ ಊದಿಕೊಂಡರೆ ನಂಜೇರಿತೆನ್ನುವುದು, ನಂಜಿನ ಪದಾರ್ಥಗಳನ್ನು ಬಿಡಿಸುವುದು ಕನ್ನಡನಾಡಿನ ಮನೆಮನೆಯ ರೂಢಿ. ನಂಜನ್ನು ಉಂಡ ದೇವರ ಊರೇ ಹತ್ತಿರದಲ್ಲಿರುವಾಗ ಆ ಮಾತು ನಾಲಗೆಯ ತುದಿಯಲ್ಲೇ ಇರುತ್ತದೆ. ಬದನೇಕಾಯಿ ಬಿಟ್ಟರೆ ನಷ್ಟವಿಲ್ಲ. ಆದರೆ ಈ ಕೆಂಪು ಬಹುಮಟ್ಟಿಗೆ ಕೀವು ಕಟ್ಟುವ ನಂಜಲ್ಲ. ಮದ್ದು ಬಿದ್ದೆಡೆ ಚರ್ಮ ತೋರುವ ಪ್ರತಿಕ್ರಿಯೆ ಅಷ್ಟೆ. ಅದರ ಮೇಲೆ ಅರಿಸಿನ, ಸುಣ್ಣ, ಸೊಪ್ಪಿನ ರಸ ಮೆತ್ತಿದರೆ ಇಲ್ಲದ ನಂಜನ್ನು ಕರೆದಂತಾಗುತ್ತದೆ. ನಂಜಿನ ಹೆಸರಿನಲ್ಲಿ ಮದ್ದನ್ನೇ ಬಿಡಿಸಿದರಂತೂ ನಷ್ಟ ಅಪಾರ. ಚರ್ಮದ ಮುನಿಸು ದಿನಗಳಲ್ಲಿ ಇಳಿಯುತ್ತದೆ. ನರದ ಹೊದಿಕೆ ಹರಿದು, ಒಳಗಿನ ತಂತುವೇ ತುಂಡಾದರೆ ಆ ನಷ್ಟ ಮರಳಿ ಭರ್ತಿಯಾಗದೆ ಹೋಗಬಹುದು. ಮದ್ದು ನಿಲ್ಲಿಸಿದ ಮಾರನೆಯ ದಿನ ಏನೂ ಆಗುವುದಿಲ್ಲ. ತಿಂಗಳು ಕಳೆದರೂ ಆಗದಿರಬಹುದು. ಅದರಿಂದಲೇ ಮೋಸ. ದಾಳಿ ಬಂದ ದಿನ ಕಣ್ಣೋ ಕಾಲೋ ಸೋತಿರುತ್ತದೆ.

ಹೊಲದ ಸರದಿ

ಒಂದೇ ಹೊಲದಲ್ಲಿ ಒಂದೇ ಪೈರನ್ನು ಎಡೆಬಿಡದೆ ಬೆಳೆದರೆ ಮಣ್ಣು ಸೊರಗುತ್ತದೆಂಬುದನ್ನು ಕಾವೇರಿ ಬಯಲಿನ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಚುಚ್ಚುಮದ್ದಿಗೂ ಇದೇ ನ್ಯಾಯ. ದಿನವೂ ತೆಗೆದುಕೊಳ್ಳುವ ಗ್ಲಾಟಿರಾಮರಿಗೆ ಮೈಯಲ್ಲಿ ಏಳು ಎಡೆಗಳನ್ನು ಗೊತ್ತುಮಾಡಿದ್ದಾರೆ. ಎರಡು ತೊಡೆ, ಎರಡು ತೋಳಿನ ಹಿಂಭಾಗ, ಸೊಂಟದ ಕೆಳಗಿನ ಎರಡು ಪಕ್ಕ ಮತ್ತು ಹೊಟ್ಟೆ. ವಾರದ ಏಳು ದಿನಕ್ಕೆ ಏಳು ಎಡೆ. ಒಂದು ಎಡೆಗೆ ಮತ್ತೆ ಬರುವ ಹೊತ್ತಿಗೆ ಒಂದು ವಾರ ಕಳೆದಿರಬೇಕು. ಬಂದಾಗಲೂ ಹಿಂದಿನ ಚುಚ್ಚಿನಿಂದ ತುಸು ದೂರ ಸರಿಯಬೇಕು. ಹೊಕ್ಕುಳಿನ ಸುತ್ತ ಐದು ಸೆಂಟಿಮೀಟರಿನಷ್ಟು ಜಾಗವನ್ನು ಬಿಟ್ಟುಬಿಡಬೇಕು. ಕೆಂಪಾದ, ಗಂಟಾದ, ಗುಳಿಬಿದ್ದ ಚರ್ಮಕ್ಕೆ ಸೂಜಿ ಮುಟ್ಟಿಸಕೂಡದು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಗೃಹಿಣಿ ಅದೇ ಚೌಕದಲ್ಲಿ ‘ಎಡತೊಡೆ’, ‘ಬಲತೋಳು’ ಎಂದು ಬರೆದಿಟ್ಟರೆ ಸರದಿ ತಪ್ಪುವುದಿಲ್ಲ.

ತೋಳಿನ ಹಿಂಭಾಗಕ್ಕೂ ಸೊಂಟದ ಕೆಳಗೂ ತಾನೇ ಚುಚ್ಚಿಕೊಳ್ಳುವುದು ಕಷ್ಟ. ಆದ್ದರಿಂದ ಒಬ್ಬಳೇ ಇರುವವಳು ತೊಡೆಯನ್ನೂ ಹೊಟ್ಟೆಯನ್ನೂ ಮತ್ತೆ ಮತ್ತೆ ಬಳಸಿ ಅಲ್ಲಿ ಗುಳಿ ಮಾಡಿಕೊಳ್ಳುತ್ತಾಳೆ. ಗಂಡನೋ ತಾಯಿಯೋ ಅತ್ತೆಯೋ ನರ್ಸಿನಿಂದ ಕಲಿತು ಕೈಗೂಡಿಸಿದರೆ ಏಳು ಎಡೆಗಳೂ ಬಳಕೆಗೆ ಬರುತ್ತವೆ. ಈ ರೋಗದಲ್ಲಿ ಮನೆಯವರು ಮಾಡಬಹುದಾದ ಉಪಕಾರಗಳಲ್ಲಿ ಇದು ಬಹು ದೊಡ್ಡದು. ಅವರ ಕೈ ಕಲಿತರೆ ನಾಲಗೆಯೂ ಅಷ್ಟಿಷ್ಟು ಮೃದುವಾಗುವುದುಂಟು!

ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಹಾಗೆಂದು ಫ್ರಿಜ್ಜಿನ ಮಂಜುಗಡ್ಡೆಯ ಗೂಡಿನಲ್ಲಿಟ್ಟು ಹೆಪ್ಪುಗಟ್ಟಿಸಿದರೆ ಅದು ಕೆಲಸಕ್ಕೆ ಬಾರದು. ಕರೆಂಟು ಹೋಗುವ ಹಳ್ಳಿಯಲ್ಲಿ ಇದೊಂದು ಚಿಂತೆಯೇ ಸರಿ. ಗ್ಲಾಟಿರಾಮರನ್ನು 15ರಿಂದ 30 ಡಿಗ್ರಿಯ ನಡುವೆ ಒಂದು ತಿಂಗಳವರೆಗೆ ಹೊರಗಿಡಬಹುದೆಂದು ತಯಾರಕರು ಹೇಳುತ್ತಾರೆ. ಆದರೆ ಮೈಸೂರು ಸೀಮೆಯ ಏಪ್ರಿಲ್ ಮಧ್ಯಾಹ್ನ ಆ ಮಿತಿಯನ್ನು ಮೀರುತ್ತದೆಂಬುದನ್ನು ನೆನಪಿಡಬೇಕು. ಉಳಿದ ಮದ್ದುಗಳ ನಿಯಮ ಒಂದೊಂದಕ್ಕೆ ಒಂದೊಂದು ತೆರ. ಡಬ್ಬಿಯೊಳಗಿನ ಕಾಗದವನ್ನು ಓದಿಯೇ ನಡೆಯಬೇಕು. ಮೈಸೂರಿನಿಂದ ತರುವಾಗ ಮಂಜುಗಡ್ಡೆಯ ಡಬ್ಬಿಯಲ್ಲಿ, ಮಂಜುಗಡ್ಡೆಗೆ ನೇರ ತಾಗದಂತೆ ಬಟ್ಟೆ ಸುತ್ತಿ ತರುವುದು ಲೇಸು.

ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮದ್ದನ್ನು ಕೂಡಲೇ ಚುಚ್ಚಿದರೆ ಉರಿ ಹೆಚ್ಚು. ಇಪ್ಪತ್ತು ಮೂವತ್ತು ನಿಮಿಷ ಹೊರಗಿಟ್ಟು ಕೋಣೆಯ ಹದಕ್ಕೆ ಬಂದ ಮೇಲೆ ಬಳಸಬೇಕು. ಬಿಸಿನೀರಿನಲ್ಲಿ ಅದ್ದಿ ಅವಸರಪಡಿಸಬಾರದು. ಕೈಯನ್ನು ಸೋಪಿನಿಂದ ತೊಳೆದು, ಚರ್ಮಕ್ಕೆ ಸ್ಪಿರಿಟ್ ಒರಸಿದ ಮೇಲೆ ಅದು ಪೂರ್ತಿ ಆರುವವರೆಗೆ ಕಾಯಬೇಕು. ಹಸಿಯ ಸ್ಪಿರಿಟ್ ಸೂಜಿಯೊಡನೆ ಒಳಹೊಕ್ಕರೆ ಚುರುಗುಟ್ಟುತ್ತದೆ. ಸೂಜಿಯ ತುದಿಯಲ್ಲಿ ಮದ್ದಿನ ಹನಿ ನಿಂತಿದ್ದರೆ ಅದೇ ಹನಿ ಚರ್ಮದ ಮೇಲ್ಪದರವನ್ನು ಕೆರಳಿಸುತ್ತದೆ. ಮದ್ದು ಚರ್ಮದ ಪದರದಲ್ಲೇ ನಿಲ್ಲದೆ ಅದರ ಕೆಳಗಿನ ಕೊಬ್ಬಿಗೆ ಇಳಿಯುವಷ್ಟು ಆಳವಾಗಿ ಸೂಜಿ ಹೋಗಬೇಕು. ತೆಳುಮೈಯವರಿಗೂ ದಪ್ಪಮೈಯವರಿಗೂ ಈ ಆಳ ಬೇರೆಯಾಗುವುದರಿಂದ ಮೊದಲ ಕೆಲವು ಬಾರಿ ನರ್ಸಿನ ಎದುರಿನಲ್ಲೇ ಚುಚ್ಚಿಕೊಂಡು ಕಲಿಯುವುದು ಕ್ಷೇಮ. ಚುಚ್ಚಿದ ಮೇಲೆ ಆ ಜಾಗವನ್ನು ಬಲವಾಗಿ ಉಜ್ಜಕೂಡದು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒಂದೆರಡು ನಿಮಿಷ ಇಟ್ಟರೆ ಉರಿ ಶಮನವಾಗುತ್ತದೆ. ಆದರೆ ಈ ರೋಗಿಗಳಿಗೆ ಎಷ್ಟೋ ವೇಳೆ ಚರ್ಮದ ಸ್ಪರ್ಶಜ್ಞಾನವೇ ಕುಂದಿರುತ್ತದೆ. ಜೋಮು ಹಿಡಿದ ತೊಡೆಗೆ ಬಿಸಿಯ ಶಾಖ ಕೊಟ್ಟು ಬೊಬ್ಬೆ ಎದ್ದರೂ ತಿಳಿಯದಿರಬಹುದು.

ಇಂಟರ್‌ಫೆರಾನ್ ತೆಗೆದುಕೊಂಡ ಕೆಲವು ಗಂಟೆಗಳಲ್ಲಿ ಚಳಿ, ಜ್ವರ, ಮೈಕೈ ನೋವು ಬರುವುದು ಸಾಮಾನ್ಯ. ರಾತ್ರಿ ಮಲಗುವ ಮುನ್ನ ಚುಚ್ಚಿಕೊಂಡು, ವೈದ್ಯರು ಹೇಳಿದಂತೆ ಪ್ಯಾರಾಸಿಟಮಾಲ್ ನುಂಗಿದರೆ ನಿದ್ದೆಯಲ್ಲೇ ಅದು ಕಳೆದುಹೋಗುತ್ತದೆ. ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆದರೆ ಬರಿಗಾಲಿನ ಮಕ್ಕಳಿಗೂ ಮೇಯುವ ದನಗಳಿಗೂ ಅಪಾಯ. ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು, ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ಒಪ್ಪಿಸತಕ್ಕದ್ದು.

ತಡಮಾಡಬಾರದ ಗಳಿಗೆ

ಇಷ್ಟೂ ಸಹಿಸಬಹುದಾದ ಗುರುತುಗಳ ಮಾತಾಯಿತು. ಸಹಿಸಬಾರದವೂ ಇವೆ. ಚುಚ್ಚಿದ ಜಾಗ ಕಪ್ಪಾಗುವುದು, ಒಡೆದು ನೀರು ಸುರಿಯುವುದು, ಕೀವು ಬಂದು ಜ್ವರ ಏರುವುದು, ಕೆಂಪು ದಿನೇದಿನೇ ಹರಡುವುದು, ಚುಚ್ಚುತ್ತಿರುವಾಗಲೇ ತಡೆಯಲಾರದ ನೋವು ಬಂದು ಚರ್ಮದ ಬಣ್ಣ ತಿರುಗುವುದು, ಇವುಗಳಲ್ಲಿ ಯಾವುದೊಂದನ್ನು ಕಂಡರೂ ಮುಂದಿನ ಚುಚ್ಚಿಗೆ ಮೊದಲು ವೈದ್ಯರಿಗೆ ತೋರಿಸಬೇಕು.

ಗ್ಲಾಟಿರಾಮರ್ ತೆಗೆದುಕೊಂಡ ಕೆಲವೇ ನಿಮಿಷಗಳಲ್ಲಿ ಮುಖ ಕೆಂಪೇರಿ, ಎದೆ ಬಿಗಿದು, ಗುಂಡಿಗೆ ಡವಗುಟ್ಟಿ, ಉಸಿರು ಸಿಕ್ಕಿದಂತಾಗುವುದುಂಟು. ದಿನವಹಿ 20 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಒಮ್ಮೆಯಾದರೂ ಹೀಗಾಗಿದ್ದುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹೆಚ್ಚಿನವರಲ್ಲಿ ಇದು ಬಂದಂತೆಯೇ ತಾನಾಗಿ ಹೋಗುತ್ತದೆ. ಆದರೆ ಇದೇ ವೇಷದಲ್ಲಿ ಬರುವ ಇನ್ನೊಂದು ಆಪತ್ತು ಪ್ರಾಣಾಂತಿಕವಾದುದು. ಅದು ಅನಾಫಿಲಾಕ್ಸಿಸ್ ಎಂಬ ತೀವ್ರ ಅಲರ್ಜಿ. 1996ರಿಂದ 2024ರವರೆಗೆ ಲೋಕದಲ್ಲೆಲ್ಲ ಇಂತಹ 82 ಪ್ರಸಂಗಗಳನ್ನೂ ಅವುಗಳಲ್ಲಿ ಆರು ಸಾವುಗಳನ್ನೂ ಗುರುತಿಸಿದ ಅಮೆರಿಕದ ಔಷಧ ಆಡಳಿತವು 2025ರ ಜನವರಿಯಲ್ಲಿ ಈ ಮದ್ದಿನ ಮೇಲೆ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಅಚ್ಚುಹಾಕಿಸಿತು. ಲಕ್ಷಾಂತರ ಜನ ಬಳಸಿದ ಮದ್ದಿನಲ್ಲಿ 82 ಎಂಬುದು ಅಲ್ಪಸಂಖ್ಯೆಯೇ. ಆದರೂ ಮೊದಲ ಚುಚ್ಚಿನಲ್ಲಿ ಆಗದ್ದು ವರ್ಷಗಳ ಮೇಲೆ ಆಗಬಹುದೆಂಬುದು ಗಮನಿಸಬೇಕಾದ ಅಂಶ. ಬಾಧೆ ಅರ್ಧ ಗಂಟೆಯಲ್ಲಿ ಇಳಿಯುವ ಬದಲು ಏರುತ್ತ ಹೋದರೆ, ಮೈಯೆಲ್ಲ ದಡ್ಡೆದ್ದರೆ, ತುಟಿ ನಾಲಗೆ ಊದಿದರೆ, ಉಸಿರಾಟ ಕಷ್ಟವಾದರೆ, ತಲೆ ತಿರುಗಿ ಬಿದ್ದರೆ, ಇದು ಹೋದಸಲದಂತೆ ಹೋಗಿಬಿಡುವುದೆಂದು ಕಾಯುತ್ತ ಕೂರಬಾರದು. ಕೂಡಲೇ ಹತ್ತಿರದ ಆಸ್ಪತ್ರೆ ಸೇರಬೇಕು. ನದಿಯಂಚಿನ ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ದಾರಿ ದೂರ. 108ಕ್ಕೆ ಕರೆಮಾಡುವುದನ್ನು ಮನೆಯ ಮಕ್ಕಳಿಗೂ ಕಲಿಸಿಟ್ಟಿರಬೇಕು. ಒಬ್ಬಂಟಿಯಾಗಿ ಬಾಗಿಲಿಗೆ ಚಿಲಕ ಹಾಕಿಕೊಂಡು ಗುಟ್ಟಾಗಿ ಚುಚ್ಚಿಕೊಳ್ಳುವ ಅಭ್ಯಾಸ ಈ ಕಾರಣದಿಂದಲೂ ಒಳ್ಳೆಯದಲ್ಲ.

ಒಬ್ಬರಿಗೆ ಬರೆದ ಮದ್ದನ್ನು ಇನ್ನೊಬ್ಬರು ಕೊಂಡು ಬಳಸುವುದೂ ಸಲ್ಲದು. ಇದೇ ಲಕ್ಷಣಗಳನ್ನು ತೋರುವ ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಬೇರೊಂದು ರೋಗವಿದೆ. ಅದನ್ನು ಪ್ರತ್ಯೇಕಿಸಿ ಗುರುತಿಸುವ ರಕ್ತಪರೀಕ್ಷೆಗೆ ದಾರಿ ತೆರೆದದ್ದು 2004ರಲ್ಲಿ. ಆ ರೋಗದವರಿಗೆ ಇಂಟರ್‌ಫೆರಾನ್ ಕೊಟ್ಟರೆ ಉಪಕಾರಕ್ಕೆ ಬದಲು ಅಪಕಾರವಾಗಬಹುದು.

ಗುರುತಿನಾಚೆ

ಚರ್ಮ ಒಂದು ಮದ್ದನ್ನು ಒಪ್ಪದಿದ್ದರೆ ದಾರಿ ಮುಚ್ಚಿತೆಂದಲ್ಲ. 2010ರಿಂದೀಚೆಗೆ ನುಂಗುವ ಮಾತ್ರೆಗಳು ಬಂದಿವೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಓಕ್ರೆಲಿಜುಮ್ಯಾಬನ್ನು ಆರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಹನಿಸಿದರೆ ಸಾಕು. 2020ರಲ್ಲಿ ಬಂದ ಓಫಾಟುಮುಮ್ಯಾಬನ್ನು ಆರಂಭದ ಕೆಲವು ವಾರಗಳ ತರುವಾಯ ತಿಂಗಳಿಗೊಮ್ಮೆ ಚುಚ್ಚಿಕೊಂಡರಾಯಿತು. ಬೇರೆ ರೋಗಗಳಿಗಾಗಿ ಹುಟ್ಟಿದ ರಿಟುಕ್ಸಿಮ್ಯಾಬನ್ನು ನಮ್ಮ ದೇಶದ ನರರೋಗತಜ್ಞರು ಬೆಲೆಯ ಅನುಕೂಲದಿಂದಲೂ ಇದಕ್ಕೆ ಬಳಸುತ್ತಾರೆ. ಇವುಗಳಿಗೂ ಇವುಗಳದೇ ಆದ ತೊಡಕುಗಳಿವೆ. ಯಾವುದು ಯಾರಿಗೆ ತಕ್ಕುದೆಂಬುದನ್ನು ವೈದ್ಯರು ನಿರ್ಧರಿಸಬೇಕು. ಆದರೆ ಅವರು ನಿರ್ಧರಿಸಬೇಕಾದರೆ ರೋಗಿ ತನ್ನ ಚರ್ಮವನ್ನು ತೋರಿಸಬೇಕು. ನಾಚಿಕೆಯಿಂದ ಸೆರಗೆಳೆದು ಮುಚ್ಚಿಕೊಂಡು, ‘ಎಲ್ಲ ಸರಿಯಾಗಿದೆ’ ಎಂದು ಹೇಳಿ ಬಂದು, ಮನೆಯಲ್ಲಿ ಮದ್ದನ್ನು ನಿಲ್ಲಿಸಿಬಿಟ್ಟರೆ ವೈದ್ಯರಿಗೆ ತಿಳಿಯುವ ಬಗೆ ಯಾವುದು? ಮುಂದಿನ ಎಂಆರ್‌ಐಯಲ್ಲಿ ಹೊಸ ಕಲೆಗಳು ಕಂಡಾಗ, ಮದ್ದು ಸೋತಿತೋ ಮದ್ದನ್ನು ತೆಗೆದುಕೊಳ್ಳಲೇ ಇಲ್ಲವೋ ಎಂಬ ಗೊಂದಲವೇ ಉಳಿಯುತ್ತದೆ.

ಮನೆಯವರ ಪಾಲಿಗೂ ಒಂದು ಮಾತಿದೆ. ತೊಡೆಯ ಮೇಲಿನ ಕೆಂಪು ಬೊಟ್ಟು ಕಣ್ಣಿಗೆ ಕಾಣುವ ಕಷ್ಟ. ಬೆಳಗ್ಗೆ ಏಳುವಾಗಲೇ ಹೊಲವುತ್ತು ಬಂದವರಂತೆ ದಣಿದಿರುವುದು, ಹಿಡಿದ ಲೋಟ ಕೈಜಾರುವುದು, ಮುಂದಿನ ದಾಳಿ ಎಂದು ಬರುವುದೋ ಎಂಬ ಭೀತಿ, ಇವು ಕಾಣದ ಕಷ್ಟಗಳು. ಕಾಣುವುದನ್ನು ಕುರಿತು ಪ್ರಶ್ನಿಸುವವರು ಕಾಣದ್ದನ್ನೂ ಒಂದಿಷ್ಟು ವಿಚಾರಿಸಿದರೆ ರೋಗಿಯ ಪಾಲಿನ ಭಾರ ಅಷ್ಟರಮಟ್ಟಿಗೆ ಇಳಿಯುತ್ತದೆ.

ತಲಕಾಡಿನ ಬೇಡರು ನೆತ್ತರನ್ನು ಕಂಡು ಓಡಿಹೋಗಿದ್ದರೆ ಗಾಯ ಮಾಯುತ್ತಿರಲಿಲ್ಲ. ನಿಂತರು, ಹೇಳಿದ ಮಾತನ್ನು ಕೇಳಿದರು, ಎಲೆಯನ್ನು ಅರೆದು ಕಟ್ಟಿದರು. ಮುಂದಿನ ಮಾಘದಲ್ಲಿ ಮುಡುಕುತೊರೆಯ ತೇರು ನೋಡಲು ಬಂದ ಗುಂಪಿನ ನಡುವೆ, ತೋಳಿನ ಮೇಲೆ ಒಂದೆರಡು ಮಾಸಿದ ಗುರುತುಗಳನ್ನು ಹೊತ್ತ ತರುಣಿಯೊಬ್ಬಳು ಗಂಡನ ತೋಳನ್ನು ಹಿಡಿದು ಬೆಟ್ಟದ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತುತ್ತಿದ್ದರೆ, ಆ ಗುರುತು ಏಕೆಂದು ಯಾರೂ ಕೇಳಬೇಕಾಗಿಲ್ಲ. ಅವಳು ತನ್ನ ಕಾಲಿನ ಮೇಲೆ ಹತ್ತುತ್ತಿದ್ದಾಳೆ, ಅದೇ ಉತ್ತರ.